ಸಾರು ಇದೆ, ಮುದ್ದೆ ಇಲ್ಲ: ಹವಳದ ಟ್ಯಾಂಕಿಗೆ ವೋಡ್ಕಾ ಹಾಕುವ ಲೆಕ್ಕ

(ಬೆಂಗಳೂರಿನಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟುಕೊಂಡಿರುವ ಗೆಳೆಯರ ಮುಂದೆ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಓದಲು ಸಲೀಸಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಆದ ಒಂದು ಸಣ್ಣ ಜಗಳದಿಂದ ಶುರು ಮಾಡುತ್ತೇನೆ. ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಹಾಗಿರುವಾಗ ಒಂದು ಸಂಜೆ ನಾನು ವೋಡ್ಕಾದ ಕ್ವಾರ್ಟರ್ ಬಾಟಲಿ ತಂದು, ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಮೀನಿನ ತಿಂಡಿ ಡಬ್ಬಿಯ ಪಕ್ಕ ಇಟ್ಟೆ. ಮಾರನೇ ದಿನ ಕಸ ಗುಡಿಸುವಾಗ ಅಮ್ಮನ ಕಣ್ಣಿಗೆ ಬಿತ್ತು.

"ಏನೋ ಇದು?"

"ಮೀನಿಗಮ್ಮ."

"ಮೀನಿಗಾ? ನನ್ನ ಹತ್ರಾನೇ ಕತೆ ಹೊಡೀತೀಯಾ?"

ಕೊನೆಗೆ ಅವರನ್ನು ಟ್ಯಾಂಕಿನ ಮುಂದೆ ಕೂರಿಸಿದೆ. ಸೂಜಿ ತೆಗೆದ ಒಂದು ಎಂಎಲ್ ಸಿರಿಂಜಿನಲ್ಲಿ 0.2ರ ಗೆರೆವರೆಗೆ ವೋಡ್ಕಾ ಎಳೆದು, ನೀರಿಗೆ ಬಿಟ್ಟು ತೋರಿಸಿದೆ. "ಇಷ್ಟೇನಾ?" ಅಂದರು. ಇಷ್ಟೇ. ಆ ಕ್ವಾರ್ಟರ್, ಅಂದರೆ 180 ಎಂಎಲ್, ನನಗೆ ಆರು ತಿಂಗಳ ಮೇಲೆ ಬಂತು. ಅಮ್ಮ ನಂಬಿದರು. ಆಫೀಸಿನ ಗೆಳೆಯರು ಮಾತ್ರ ಇವತ್ತಿಗೂ ನಂಬಿಲ್ಲ.

ನಮ್ಮ ಹವ್ಯಾಸದಲ್ಲಿ ಇದಕ್ಕೆ ಕಾರ್ಬನ್ ಡೋಸಿಂಗ್ ಅನ್ನುತ್ತಾರೆ. ಮೀನಿನ ತಿಂಡಿಯಿಂದ ನೀರಿನಲ್ಲಿ ಸೇರಿಕೊಳ್ಳುವ ನೈಟ್ರೇಟ್, ಫಾಸ್ಫೇಟ್ ಇಳಿಸಲು ಬ್ಯಾಕ್ಟೀರಿಯಾಕ್ಕೆ ಕಾರ್ಬನ್ ಉಣಿಸುವ ಉಪಾಯ ಇದು. ಫಿಲ್ಟರಿಗೆ ಹಾಕುವ ಕಪ್ಪು ಇದ್ದಿಲಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಕಾರ್ಬನ್ ಅಂದರೆ ಬ್ಯಾಕ್ಟೀರಿಯಾ ತಿನ್ನಬಲ್ಲ ಕಾರ್ಬನ್. ವೋಡ್ಕಾದ ಆಲ್ಕೋಹಾಲ್, ವಿನೆಗರಿನ ಹುಳಿ, ಸಕ್ಕರೆ, ಇಂಥವು. ಜರ್ಮನಿಯ ಹವ್ಯಾಸಿಗಳು 2000ದ ದಶಕದ ಶುರುವಿನಲ್ಲಿ ವೋಡ್ಕಾ ಹಾಕಿ ನೋಡಿದರು. ಅಲ್ಲಿಂದ ಅದು ಊರೂರಿಗೆ ಹಬ್ಬಿತು. ನಮ್ಮಲ್ಲಿಗೂ ಬಂತು.

ಮುಂದೆ ಹೋಗುವ ಮೊದಲು ಒಂದು ಮಾತು. ನಮ್ಮ ಕಡಲಿನ ಗಟ್ಟಿ ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಹುಲಿ ಇರುವ ಪಟ್ಟಿಯಲ್ಲೇ. ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್‌ಗೆ ಹೋದವರು ನೆನಪಿಗೆ ಅಂತ ಒಂದು ತುಂಡು ಕೂಡ ತರಬಾರದು. ನನ್ನ ಟ್ಯಾಂಕಿನಲ್ಲಿರುವುದು ಮೆತ್ತನೆಯ ಹವಳಗಳು: ಝೋವಾಂಥಿಡ್, ಮಶ್ರೂಮ್, ಒಂದು ಲೆದರ್. ಜೊತೆಗೆ ಒಂದು ಜೋಡಿ ಕ್ಲೌನ್ ಮೀನು, ಇನ್ನೊಂದೆರಡು ಪುಟ್ಟ ಮೀನು. ಟ್ಯಾಂಕು ನಾಲ್ಕು ಅಡಿ ಉದ್ದ. ಕೆಳಗಿನ ಫಿಲ್ಟರ್ ತೊಟ್ಟಿ, ಅಂದರೆ ಸಂಪ್, ಸೇರಿಸಿ, ಕಲ್ಲು ಮರಳಿನ ಜಾಗ ಕಳೆದರೆ ಸುಮಾರು 200 ಲೀಟರ್ ನೀರು. ಇವತ್ತಿನ ಲೆಕ್ಕ ಎಲ್ಲಾ ಈ 200 ಲೀಟರಿಗೆ.

ಈಗ ತಿಂಡಿ ಡಬ್ಬಿ ತೆಗೆಯೋಣ. ದಿನಕ್ಕೆ ಒಂದು ಗ್ರಾಂ ಒಣ ತಿಂಡಿ ಹಾಕುತ್ತೀರಿ ಅನ್ನಿ. ಹತ್ತು ದಿನಕ್ಕೆ 10 ಗ್ರಾಂ. ಒಳ್ಳೆಯ ಮೀನಿನ ತಿಂಡಿಯಲ್ಲಿ ಅರ್ಧದಷ್ಟು ಪ್ರೋಟೀನ್ ಇರುತ್ತದೆ, ಅಂದರೆ 5 ಗ್ರಾಂ. ಪ್ರೋಟೀನಿನಲ್ಲಿ ನೂರಕ್ಕೆ 16ರಷ್ಟು ಸಾರಜನಕ. ಅಲ್ಲಿಗೆ 0.8 ಗ್ರಾಂ ಸಾರಜನಕ ಆಯಿತು. ಮೀನು ತಿಂದು ಹಿಕ್ಕೆ ಹಾಕಿ, ಅದು ಅಮೋನಿಯಾ ಆಗಿ, ಆಮೇಲೆ ನೈಟ್ರೈಟ್, ಕೊನೆಗೆ ನೈಟ್ರೇಟ್ ಆಗುವ ಹೊತ್ತಿಗೆ ಆ 0.8 ಗ್ರಾಂ ಸುಮಾರು 3.5 ಗ್ರಾಂ ನೈಟ್ರೇಟ್ ಆಗುತ್ತದೆ. ಅದನ್ನು 200 ಲೀಟರಿಗೆ ಹಂಚಿ. ಲೀಟರಿಗೆ 17 ಮಿಲಿಗ್ರಾಂ ಚಿಲ್ಲರೆ. ಎಲ್ಲವೂ ನೈಟ್ರೇಟ್ ಆಗುವುದಿಲ್ಲ ನಿಜ. ಒಂದಿಷ್ಟು ಮೀನಿನ ಮೈಗೆ ಹೋಗುತ್ತದೆ, ಒಂದಿಷ್ಟನ್ನು ನೊರೆ ಎಬ್ಬಿಸಿ ಕೊಳೆ ಎತ್ತುವ ಸ್ಕಿಮ್ಮರ್ ತೆಗೆಯುತ್ತದೆ. ಆದರೂ ಹತ್ತು ದಿನದಲ್ಲಿ ಚಿಟಿಕೆ ಚಿಟಿಕೆ ಹಾಕಿದ ತಿಂಡಿಗೆ ಇಷ್ಟು ತಾಕತ್ತು ಇದೆ.

"ನೀರು ಬದಲಾಯಿಸಿದರೆ ಆಯಿತಲ್ಲ" ಅಂತ ನೀವು ಕೇಳುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ವಾರವಾರ ನೂರಕ್ಕೆ ಹತ್ತರಷ್ಟು ನೀರು ತೆಗೆದು ಹೊಸದು ಹಾಕುತ್ತಿದ್ದೆ. 20 ಲೀಟರ್ ಆರ್‌ಓ ನೀರು, ಅದಕ್ಕೆ 700 ಗ್ರಾಂ ಉಪ್ಪು. ಆದರೆ ಹತ್ತರಷ್ಟು ನೀರು ತೆಗೆದರೆ ಹೋಗುವುದು ಇರುವ ನೈಟ್ರೇಟಿನ ಹತ್ತನೇ ಒಂದು ಭಾಗ ಮಾತ್ರ. ವಾರಕ್ಕೆ ಲೀಟರಿಗೆ 5 ಮಿಲಿಗ್ರಾಂ ಸೇರುತ್ತಿದ್ದರೆ, ಹತ್ತನೇ ಒಂದು ಭಾಗ 5 ಆಗುವವರೆಗೂ ಅದು ಏರುತ್ತಲೇ ಹೋಗುತ್ತದೆ. ಅಂದರೆ 50ರವರೆಗೆ. ಅಲ್ಲಿ ಹೋಗಿ ನಿಲ್ಲುತ್ತದೆ. ಎಷ್ಟು ಶ್ರದ್ಧೆಯಿಂದ ಬಕೆಟ್ ಹೊತ್ತರೂ ಅಷ್ಟೇ. ನನ್ನದು 40ರ ಆಸುಪಾಸು ನಿಂತಿತ್ತು. ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ನೈಟ್ರೇಟ್ ಮಿತಿ 45. ಉಪ್ಪು ಒಂದಿಲ್ಲದಿದ್ದರೆ ನನ್ನ ಟ್ಯಾಂಕಿನ ನೀರು ಆ ಪರೀಕ್ಷೆಯಲ್ಲಿ ಪಾಸ್! ಹವಳಕ್ಕೆ ಮಾತ್ರ ಅದು ತೀರಾ ಜಾಸ್ತಿ. ಝೋವಾ ಕಂದು ಬಣ್ಣಕ್ಕೆ ತಿರುಗಿದ್ದವು, ಕಲ್ಲಿನ ಮೇಲೆ ಹಸಿರು ಕೂದಲಿನಂಥ ಪಾಚಿ.

ಈಗ ಮುದ್ದೆ ವಿಷಯಕ್ಕೆ ಬರುತ್ತೇನೆ.

ಊಟಕ್ಕೆ ಕೂತಿದ್ದೀರಿ. ಪಾತ್ರೆ ತುಂಬಾ ಸಾರು ಇದೆ, ಉಪ್ಪು ಇದೆ. ಮುದ್ದೆ ಮಾತ್ರ ಒಂದೇ ಒಂದು. ಸಾರು ಖಾಲಿ ಆಗುತ್ತದಾ? ಇಲ್ಲ. ಮುದ್ದೆ ಮುಗಿದ ಮೇಲೆ ಸಾರು ಹಾಗೇ ಉಳಿಯುತ್ತದೆ. ಟ್ಯಾಂಕಿನ ಬ್ಯಾಕ್ಟೀರಿಯಾಗಳ ಪಾಡು ಇದೇ. ನೈಟ್ರೇಟ್ ಅವಕ್ಕೆ ಸಾರು, ಫಾಸ್ಫೇಟ್ ಉಪ್ಪು, ಕಾರ್ಬನ್ ಮುದ್ದೆ. ಸಾರು ಉಪ್ಪು ಬೇಕಾದಷ್ಟು ಬಿದ್ದಿದೆ. ಮುದ್ದೆ ಇಲ್ಲದೆ ಅವು ಬೆಳೆಯುತ್ತಿಲ್ಲ. ನೀವು ಒಂದು ಹನಿ ವೋಡ್ಕಾ ಬಿಟ್ಟರೆ ಮುದ್ದೆ ಬಡಿಸಿದ ಹಾಗೆ. ಕೂಡಲೇ ತಿನ್ನುತ್ತವೆ, ಒಂದು ಎರಡಾಗುತ್ತವೆ, ಎರಡು ನಾಲ್ಕಾಗುತ್ತವೆ. ಮೈ ಕಟ್ಟಿಕೊಳ್ಳುವುದಕ್ಕೆ ನೀರಿನಲ್ಲಿರುವ ನೈಟ್ರೇಟ್, ಫಾಸ್ಫೇಟ್ ಎಳೆದುಕೊಳ್ಳುತ್ತವೆ.

ಹೊಲ ತೋಟ ಇರುವವರಿಗೆ ಇದು ಹೊಸದೇನಲ್ಲ. ಕೊಳೆಯದ ಮರದ ಹೊಟ್ಟನ್ನು ಗಿಡದ ಬುಡದ ಮಣ್ಣಿಗೆ ಬೆರೆಸಿದರೆ ಏನಾಗುತ್ತದೆ? ಗಿಡ ಹಳದಿ ಆಗುತ್ತದೆ. ಹೊಟ್ಟಿನಲ್ಲಿ ಕಾರ್ಬನ್ ರಾಶಿ ರಾಶಿ ಇದೆ, ಸಾರಜನಕ ಇಲ್ಲ. ಅದನ್ನು ತಿನ್ನಲು ಬಂದ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಬಾಚಿಕೊಳ್ಳುತ್ತವೆ, ಗಿಡಕ್ಕೆ ಬಿಡುವುದಿಲ್ಲ. ರೈತನಿಗೆ ಅದು ನಷ್ಟ. ನಾವು ಟ್ಯಾಂಕಿನಲ್ಲಿ ಬೇಕು ಅಂತಲೇ ಮಾಡುವುದು ಅದನ್ನೇ. ಜೀವಾಮೃತಕ್ಕೆ ಎರಡು ಕೆಜಿ ಬೆಲ್ಲ ಯಾಕೆ ಹಾಕುತ್ತಾರೆ? ಸಗಣಿಯ ಸೂಕ್ಷ್ಮಜೀವಿಗೆ ಮುದ್ದೆ ಬಡಿಸಲು.

ಮೀನು ಸಾಕಣೆಯಲ್ಲೂ ಇದೇ ಲೆಕ್ಕ ಇದೆ. ಇಸ್ರೇಲಿನ ವಿಜ್ಞಾನಿ ಯೋರಾಮ್ ಅವ್ನಿಮೆಲೆಕ್ 1999ರಲ್ಲಿ ಇದರ ಬಗ್ಗೆ ಬರೆದರು. ಕೊಳಕ್ಕೆ ಹಾಕುವ ಕಾರ್ಬನ್ ಮತ್ತು ಸಾರಜನಕದ ಅಳತೆ ಸರಿಮಾಡಿದರೆ ವಿಷಕಾರಿ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳೇ ತಿಂದುಹಾಕುತ್ತವೆ ಅಂತ. ಈಗ ನಮ್ಮಲ್ಲೂ ಬಯೋಫ್ಲಾಕ್ ಮಾಡುವವರು ಟಾರ್ಪಾಲಿನ ಗುಂಡು ತೊಟ್ಟಿಗೆ ಬೆಲ್ಲದ ನೀರು ಸುರಿಯುತ್ತಾರಲ್ಲ, ಅದು ಇದೇ. ಆದರೆ ಅವರಿಗೂ ನಮಗೂ ಒಂದು ವ್ಯತ್ಯಾಸ ಇದೆ. ಅವರು ಬ್ಯಾಕ್ಟೀರಿಯಾವನ್ನು ನೀರಿನಲ್ಲೇ ಬಿಡುತ್ತಾರೆ. ಅದು ಹಿಂಡುಹಿಂಡಾಗಿ ಗಟ್ಟಿಯಾಗುತ್ತದೆ, ಮೀನು ಅದನ್ನೇ ತಿನ್ನುತ್ತದೆ. ನೀರು ಕಂದಾಗಿ ಕದಡಿದ್ದರೂ ಅವರಿಗೆ ಚಿಂತೆ ಇಲ್ಲ. ನಮಗೆ ನೀರು ಗಾಜಿನ ಹಾಗಿರಬೇಕು. ಹಾಗಾಗಿ ಹೊಟ್ಟೆ ತುಂಬಿಸಿಕೊಂಡ ಬ್ಯಾಕ್ಟೀರಿಯಾವನ್ನು ಟ್ಯಾಂಕಿನಿಂದ ಆಚೆ ಹಾಕಬೇಕು. ಆ ಕೆಲಸ ಸ್ಕಿಮ್ಮರಿನದು.

ಬೇಳೆ ಬೇಯುವಾಗ ನೊರೆ ಉಕ್ಕಿ ಬರುತ್ತದೆ, ಸೌಟಿನಲ್ಲಿ ತೆಗೆದು ಚೆಲ್ಲುತ್ತೇವೆ. ಸ್ಕಿಮ್ಮರ್ ಮಾಡುವುದು ಅಷ್ಟೇ. ಸಣ್ಣ ಸಣ್ಣ ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆಗೆ ಕೊಳೆ, ಪ್ರೋಟೀನು, ಬ್ಯಾಕ್ಟೀರಿಯಾ ಎಲ್ಲಾ ಅಂಟಿಕೊಂಡು ಮೇಲಿನ ಕಪ್ಪಿಗೆ ಬಂದು ಬೀಳುತ್ತವೆ. ಡೋಸಿಂಗ್ ಕೆಲಸ ಮಾಡಲು ಶುರುವಾದಾಗ ಕಪ್ಪಿನಲ್ಲಿ ಬೀಳುವುದು ಡಿಕಾಕ್ಷನ್ ಹಾಗೆ ಗಟ್ಟಿಯಾಗುತ್ತದೆ. ವಾಸನೆ ಮಾತ್ರ ಡಿಕಾಕ್ಷನ್‌ದಲ್ಲ. ಕಪ್ ತೊಳೆಯುವಾಗ ಮನೆಯವರು ಆಚೆ ಹೋಗಿದ್ದರೆ ಒಳ್ಳೆಯದು. ಮತ್ತೆ, ಸ್ಕಿಮ್ಮರ್ ಇಲ್ಲದವರು, ಇದ್ದರೂ ನೆಟ್ಟಗೆ ಓಡದವರು ಈ ತಂಟೆಗೇ ಬರಬೇಡಿ. ಸ್ಕಿಮ್ಮರ್ ಕೊಳೆ ಎತ್ತುವ ಜೊತೆಗೆ ನೀರಿಗೆ ಗಾಳಿಯನ್ನೂ ಬೆರೆಸುತ್ತದೆ. ಅದು ಯಾಕೆ ಮುಖ್ಯ ಅಂತ ನನಗೆ ಒಂದು ರಾತ್ರಿ ಗೊತ್ತಾಯಿತು.

ಡೋಸ್ ಎಷ್ಟು ಅನ್ನುವುದಕ್ಕೆ ಹವ್ಯಾಸಿಗಳ ನಡುವೆ ಓಡಾಡುವ ಒಂದು ಹಳೆಯ ಲೆಕ್ಕ ಇದೆ. ಹೆಚ್ಚೂಕಡಿಮೆ 100 ಲೀಟರಿಗೆ 0.1 ಎಂಎಲ್ ವೋಡ್ಕಾ, ಮೊದಲ ಮೂರು ದಿನ. ಆಮೇಲೆ ವಾರ ಮುಗಿಯುವವರೆಗೆ ಅದರ ಎರಡರಷ್ಟು. ಮುಂದೆ ವಾರಕ್ಕೊಮ್ಮೆ ದಿನದ ಡೋಸಿಗೆ 0.5 ಎಂಎಲ್ ಸೇರಿಸುತ್ತಾ ಹೋಗುವುದು. ನೈಟ್ರೇಟ್ ಬೇಕಾದಷ್ಟು ಇಳಿದ ಮೇಲೆ ಡೋಸನ್ನು ಅರ್ಧ ಮಾಡಿ ಅಲ್ಲೇ ನಿಲ್ಲಿಸುವುದು. ದೊಡ್ಡ ಟ್ಯಾಂಕಿಗೆ ವಾರಕ್ಕೆ 0.5 ಸರಿ ಇರಬಹುದು. ನನ್ನಂಥ 200 ಲೀಟರಿನವರಿಗೆ ಅದು ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ವಾರಕ್ಕೆ 0.2 ಸಾಕು.

ಈ ಬುದ್ಧಿ ನನಗೆ ಮೊದಲೇ ಇರಲಿಲ್ಲ. ಮೊದಲ ಸಲ 0.2ರಿಂದ ಶುರು ಮಾಡಿ ಹತ್ತು ದಿನ ಕಾದೆ. ಟೆಸ್ಟ್ ಕಿಟ್ಟಿನಲ್ಲಿ ಬಣ್ಣ ಒಂದು ಚೂರೂ ಕದಲಲಿಲ್ಲ. ಅದೇ ಗಾಢ ಗುಲಾಬಿ. ತಾಳ್ಮೆ ಕೆಟ್ಟಿತು. ಎರಡನೇ ವಾರಕ್ಕೇ ಒಂದು ಎಂಎಲ್, ಮೂರು ದಿನ ಬಿಟ್ಟು ಎರಡು, ಆಮೇಲೆ ಮೂರು. ಮೂರು ಎಂಎಲ್ ಹಾಕಿದ ಎರಡನೇ ದಿನ ಸಂಜೆ ಟ್ಯಾಂಕು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು. ಹಿಂದಿನ ಗಾಜು ಕಾಣುತ್ತಿರಲಿಲ್ಲ. ಪಂಪಿನ ಬಾಯಲ್ಲಿ ಬಿಳಿ ಲೋಳೆ ನೇತಾಡುತ್ತಿತ್ತು. ಅದು ಬ್ಯಾಕ್ಟೀರಿಯಾ ಎದ್ದಿರುವ ಗುರುತು ಅಂತ ಓದಿದ್ದೆ. ಹಾಗಾಗಿ, ಹೇಳಲು ನಾಚಿಕೆ ಆಗುತ್ತದೆ, ನನಗೆ ಖುಷಿಯೇ ಆಯಿತು. ಕೆಲಸ ಶುರುವಾಯಿತು ಅಂತ ನೆಮ್ಮದಿಯಾಗಿ ಮಲಗಿದೆ.

ಮಳೆಗಾಲ. ರಾತ್ರಿ ಎರಡು ಗಂಟೆ ಸುಮಾರಿಗೆ ಎಲ್ಲೋ ಮರದ ಕೊಂಬೆ ಬಿದ್ದು ಕರೆಂಟು ಹೋಯಿತು. ಮನೆಯ ಯುಪಿಎಸ್‌ಗೆ ದೀಪ, ಫ್ಯಾನು ಸೇರಿಸಿದ್ದೆವು. ಟ್ಯಾಂಕಿನ ಲೈನ್ ಸೇರಿಸಿರಲಿಲ್ಲ. ಫ್ಯಾನು ತಿರುಗುತ್ತಿತ್ತು, ಹಾಗಾಗಿ ಎಚ್ಚರವೂ ಆಗಲಿಲ್ಲ. ಐದು ಗಂಟೆಗೆ ಅಮ್ಮ ಎದ್ದು ಕೂಗಿದರು: "ಮೀನೆಲ್ಲಾ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ, ಬಾರೋ."

ಟಾರ್ಚ್ ಬಿಟ್ಟು ನೋಡಿದೆ. ಎರಡು ಕ್ಲೌನ್ ಮೀನು ನೀರಿನ ಮಟ್ಟದಲ್ಲಿ ನೆಟ್ಟಗೆ ನಿಂತು ಗಾಳಿ ಗುಟುಕರಿಸುತ್ತಿದ್ದವು. ಫೈರ್‌ಫಿಶ್ ಮರಳಿನ ಮೇಲೆ ಬಿದ್ದಿತ್ತು. ಕ್ಲೀನರ್ ಸಿಗಡಿ ಬಿಳುಚಿಕೊಂಡು ಮಗುಚಿತ್ತು. ಬ್ಯಾಟರಿಯ ಏರ್ ಪಂಪು ಮನೆಯಲ್ಲಿ ಇರಲಿಲ್ಲ. ನನಗೆ ಕೈಕಾಲು ಆಡಲಿಲ್ಲ. ಅಮ್ಮನೇ ಒಂದು ಚೊಂಬು ತಂದು ನೀರು ಮೊಗೆದು, ಬಿಸಿ ಕಾಫಿ ಆರಿಸುವ ಹಾಗೆ ಎತ್ತರದಿಂದ ಸುರಿಯಲು ಶುರು ಮಾಡಿದರು. ಅವರಿಗೆ ಆಮ್ಲಜನಕದ ಲೆಕ್ಕ ಗೊತ್ತಿಲ್ಲ. ಉಸಿರುಗಟ್ಟಿದೆ, ಗಾಳಿ ಬೇಕು ಅನ್ನುವುದು ಗೊತ್ತು. ಕರೆಂಟು ಬರುವವರೆಗೆ ಒಂದು ಗಂಟೆ ಇಬ್ಬರೂ ಸರದಿಯಲ್ಲಿ ಚೊಂಬಿನಿಂದ ಸುರಿದೆವು. ಕ್ಲೌನ್ ಜೋಡಿ ಉಳಿಯಿತು. ಅದೇ ಚೊಂಬು ಈಗಲೂ ಟ್ಯಾಂಕಿನ ಪಕ್ಕದಲ್ಲೇ ಇದೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ಇದನ್ನು ಮೊದಲೇ ಹಾಕಬೇಕಿತ್ತು. 26 ಡಿಗ್ರಿ ಬಿಸಿಯ ಉಪ್ಪುನೀರು ಸಮುದ್ರಮಟ್ಟದಲ್ಲಿ ಲೀಟರಿಗೆ ಆರೂವರೆ ಮಿಲಿಗ್ರಾಂಗಿಂತ ಸ್ವಲ್ಪ ಮೇಲೆ ಆಮ್ಲಜನಕ ಹಿಡಿಯುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿ ತೆಳು. ಹಾಗಾಗಿ ಸುಮಾರು 6 ಅಂತ ಇಟ್ಟುಕೊಳ್ಳಿ. ನನ್ನ ಇಡೀ 200 ಲೀಟರಿನಲ್ಲಿ ಇರುವುದು 1.2 ಗ್ರಾಂ ಆಮ್ಲಜನಕ. ಇಷ್ಟೇ. ಈಗ ವೋಡ್ಕಾ. ನಮ್ಮಲ್ಲಿ ಸಿಗುವ ಬಾಟಲಿಯ ಮೇಲೆ ಸಾಮಾನ್ಯವಾಗಿ 42.8% ಅಂತ ಇರುತ್ತದೆ. ಅದರ ಒಂದು ಎಂಎಲ್‌ನಲ್ಲಿ ಮೂರನೇ ಒಂದು ಗ್ರಾಂ ಆಲ್ಕೋಹಾಲ್. ಅದು ಪೂರ್ತಿ ಉರಿಯಲು 0.7 ಗ್ರಾಂ ಆಮ್ಲಜನಕ ಬೇಕು. ಒಂದೇ ಎಂಎಲ್ ವೋಡ್ಕಾಗೆ ಇಡೀ ಟ್ಯಾಂಕಿನ ಅರ್ಧಕ್ಕಿಂತ ಜಾಸ್ತಿ ಗಾಳಿ! ಬ್ಯಾಕ್ಟೀರಿಯಾ ಎಲ್ಲವನ್ನೂ ಉರಿಸುವುದಿಲ್ಲ, ಒಂದಷ್ಟನ್ನು ಮೈ ಮಾಡಿಕೊಳ್ಳುತ್ತದೆ. ಮೇಲಿನಿಂದ ಗಾಳಿಯೂ ಬೆರೆಯುತ್ತಿರುತ್ತದೆ. ಪಂಪು ಓಡುತ್ತಿರುವಾಗ ಏನೂ ಆಗುವುದಿಲ್ಲ. ನಾನು ಮೂರು ಎಂಎಲ್ ಹಾಕಿ, ಕರೆಂಟಿಲ್ಲದ ರಾತ್ರಿಗೆ ಟ್ಯಾಂಕನ್ನು ಒಪ್ಪಿಸಿದ್ದೆ. ದೀಪ ಆರಿದ ಮೇಲೆ ಹವಳ, ಪಾಚಿ ಕೂಡ ಉಸಿರಾಡುತ್ತವೆ, ಆಮ್ಲಜನಕ ಕೊಡುವುದಿಲ್ಲ.

ಹಾಗಾಗಿ ಈಗ ಡೋಸ್ ಹಾಕುವುದು ಬೆಳಿಗ್ಗೆ, ಟ್ಯಾಂಕಿನ ದೀಪ ಹತ್ತಿದ ಮೇಲೆ. ಸ್ಕಿಮ್ಮರಿಗೆ ಹೋಗುವ ನೀರಿನ ಹತ್ತಿರ. ಏರ್ ಪಂಪು ಯುಪಿಎಸ್‌ಗೆ ಸೇರಿದೆ. ನೀರು ಒಂಚೂರು ಮಂಜಾದರೂ ಡೋಸ್ ಬಂದ್.

ಎರಡನೇ ಸಲ ಎರಡು ತಿಂಗಳು ಬಿಟ್ಟು ಶುರು ಮಾಡಿದೆ. 0.2, ವಾರಕ್ಕೆ 0.2 ಏರಿಕೆ. ಮೂರು ವಾರ ಏನೂ ಇಲ್ಲ. ನಾಲ್ಕನೇ ವಾರ ಗುಲಾಬಿ ತಿಳಿಯಾಯಿತು. ಐದನೇ ವಾರ ಎರಡೆರಡು ಸಲ ಟೆಸ್ಟ್ ಮಾಡಿದೆ, ನಂಬಿಕೆ ಬರಲಿಲ್ಲ. 40 ಇದ್ದದ್ದು 15. ಆರನೇ ವಾರ 1.2 ಎಂಎಲ್‌ಗೆ ತಲುಪಿದಾಗ 8. ಅಲ್ಲಿಂದ 0.6ಕ್ಕೆ ಇಳಿಸಿ ಹಾಗೇ ಬಿಟ್ಟಿದ್ದೇನೆ. ಬ್ಯಾಕ್ಟೀರಿಯಾ ಮೊದಲ ವಾರಗಳಲ್ಲಿ ಸುಮ್ನೆ ಕೂತಿರುವುದಿಲ್ಲ, ಸಂಖ್ಯೆ ಬೆಳೆಸುತ್ತಿರುತ್ತದೆ. ನಮ್ಮ ಕಿಟ್ಟಿಗೆ ಕಾಣುವುದು ಆಮೇಲೆ.

ಫಾಸ್ಫೇಟ್ ಕತೆ ಬೇರೆ. ಅಮೆರಿಕದ ವಿಜ್ಞಾನಿ ಆಲ್ಫ್ರೆಡ್ ರೆಡ್‌ಫೀಲ್ಡ್ 1934ರಲ್ಲಿ ಕಡಲಿನ ತೇಲುವ ಜೀವಿಗಳ ಮೈಯಲ್ಲೂ ಕಡಲ ನೀರಿನಲ್ಲೂ ಸಾರಜನಕ, ರಂಜಕದಂಥ ಧಾತುಗಳ ಅಳತೆ ಒಂದಕ್ಕೊಂದು ಹೊಂದುವುದನ್ನು ತೋರಿಸಿದರು. ಇವತ್ತು ನಾವು ಬಳಸುವ ಅಂಕಿ: 106 ಕಾರ್ಬನ್ನಿಗೆ 16 ಸಾರಜನಕ, 1 ರಂಜಕ (ಫಾಸ್ಫೇಟಿನಲ್ಲಿರುವ ಧಾತು). ಬ್ಯಾಕ್ಟೀರಿಯಾಕ್ಕೆ ಇದು ಅಚ್ಚುಕಟ್ಟಾಗಿ ಕೂರುವುದಿಲ್ಲ, ಅಂದಾಜಿಗೆ ಸಾಕು. ನಮ್ಮ ಕಿಟ್ಟಿನ ಭಾಷೆಯಲ್ಲಿ ಹೇಳಿದರೆ, 10 ಮಿಲಿಗ್ರಾಂ ನೈಟ್ರೇಟ್ ಇಳಿದರೆ ಒಂದು ಮಿಲಿಗ್ರಾಂ ಫಾಸ್ಫೇಟ್ ಇಳಿಯಬೇಕು. ನನ್ನ ನೈಟ್ರೇಟ್ 30ರಷ್ಟು ಇಳಿಯಿತು. ಲೆಕ್ಕದ ಪ್ರಕಾರ 0.15 ಇದ್ದ ಫಾಸ್ಫೇಟ್ ಯಾವತ್ತೋ ಖಾಲಿ ಆಗಬೇಕಿತ್ತು. ಆಗಲಿಲ್ಲ. 0.12ರಲ್ಲಿ ನಿಂತಿತ್ತು.

ಯಾಕೆ ಅಂದರೆ, ಒಂದು, ಕಲ್ಲಿನ ಒಳಗೆ ಆಮ್ಲಜನಕ ಹೋಗದ ಸಂದುಗಳಲ್ಲಿ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಇರುತ್ತವೆ. ಅವು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಉಸಿರಾಡಿ, ಸಾರಜನಕವನ್ನು ಗಾಳಿಯಾಗಿ ಬಿಟ್ಟುಬಿಡುತ್ತವೆ. ಅವಕ್ಕೂ ಕಾರ್ಬನ್ ಬೇಕು. ಈ ದಾರಿಯಲ್ಲಿ ಹೋದ ನೈಟ್ರೇಟಿನ ಜೊತೆ ಫಾಸ್ಫೇಟ್ ಹೋಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಇನ್ನೊಂದು, ನಮ್ಮ ಕಲ್ಲು ಮರಳು ಎಲ್ಲಾ ಸುಣ್ಣದ ಜಾತಿ. ಫಾಸ್ಫೇಟ್ ಅದಕ್ಕೆ ಅಂಟುತ್ತದೆ. ವರ್ಷಗಟ್ಟಲೆ ಹೀರಿಕೊಂಡಿರುವ ಕಲ್ಲು, ನೀರಿನಲ್ಲಿ ಫಾಸ್ಫೇಟ್ ಕಡಿಮೆಯಾದ ಕೂಡಲೇ ತನ್ನಲ್ಲಿರುವುದನ್ನು ಬಿಟ್ಟುಕೊಡುತ್ತದೆ. ಹಳೇ ಸಾಲ ತೀರಿಸಿದ ಹಾಗೆ. ಅದು ತೀರುವವರೆಗೆ ಫಾಸ್ಫೇಟ್ ಹಿಡಿದುಕೊಳ್ಳುವ ಕಬ್ಬಿಣದ ಹರಳಿನ ಮೀಡಿಯಾ, ಜಿಎಫ್‌ಓ ಅನ್ನುತ್ತೇವಲ್ಲ, ಅದನ್ನು ಸ್ವಲ್ಪ ಸ್ವಲ್ಪ ಬಳಸಬೇಕಾಗುತ್ತದೆ. ನೈಟ್ರೇಟ್ ಸೊನ್ನೆ ಮುಟ್ಟಿದ ಮೇಲೂ ಫಾಸ್ಫೇಟ್ ಇಳಿಸಲು ವೋಡ್ಕಾ ಏರಿಸುತ್ತಾ ಹೋಗುವವರನ್ನು ನೋಡಿದ್ದೇನೆ. ಸಾರು ಮುಗಿದ ಮೇಲೆ ಮುದ್ದೆ ಬಡಿಸಿ ಏನು ಪ್ರಯೋಜನ?

ಇಲ್ಲಿ ನಾನು ಸ್ವಲ್ಪ ಜಗಳ ಆಡುತ್ತೇನೆ. ನಮ್ಮ ಹವ್ಯಾಸಕ್ಕೆ ಸೊನ್ನೆಯ ಹುಚ್ಚು ಹಿಡಿದಿತ್ತು. ಈಗಲೂ ಪೂರ್ತಿ ಬಿಟ್ಟಿಲ್ಲ. ಸಮುದ್ರದ ಹವಳದ ದಿಬ್ಬದಲ್ಲಿ ನೈಟ್ರೇಟ್ ಫಾಸ್ಫೇಟ್ ಅಳತೆಗೇ ಸಿಗುವುದಿಲ್ಲ, ಆದ್ದರಿಂದ ಟ್ಯಾಂಕಿನಲ್ಲೂ ಸೊನ್ನೆ ಬೇಕು ಅನ್ನುವ ವಾದ. ಸಮುದ್ರದಲ್ಲಿ ಹಗಲೂ ರಾತ್ರಿ ತೇಲಿ ಬರುವ ತಿನಿಸು ಇದೆ, ಹವಳಕ್ಕೆ ಊಟ ತಪ್ಪುವುದಿಲ್ಲ. ನಮ್ಮ ಟ್ಯಾಂಕಿನಲ್ಲಿ ಸೊನ್ನೆ ಅಂದರೆ ಉಪವಾಸ. ಹವಳದ ಮೈಯೊಳಗಿನ ಪಾಚಿಗೆ ಎರಡೂ ಬೇಕು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಯೋರ್ಗ್ ವೀಡೆನ್‌ಮನ್ ಮತ್ತು ಜೊತೆಗಾರರು 2013ರಲ್ಲಿ ತೋರಿಸಿದ್ದು ಇದನ್ನೇ. ಸಾರಜನಕ ಜಾಸ್ತಿ ಇದ್ದು ಫಾಸ್ಫೇಟ್ ಸಿಗದೆ ಹೋದರೆ ಹವಳ ಬಿಸಿಗೂ ಬೆಳಕಿಗೂ ಬೇಗ ಬಿಳುಚುತ್ತದೆ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.03ರಿಂದ 0.1. ನನಗೆ ಇದು ಸಾಕು.

ಸೊನ್ನೆ ಮುಟ್ಟಿದ ಟ್ಯಾಂಕಿನಲ್ಲಿ ಇನ್ನೊಂದು ಪೀಡೆ ಬರುತ್ತದೆ. ಡೈನೋ, ಅಂದರೆ ಡೈನೋಫ್ಲಾಜೆಲೇಟ್ ಅನ್ನುವ ಸೂಕ್ಷ್ಮಜೀವಿ. ಬೆಳಿಗ್ಗೆ ಮರಳು ಶುಭ್ರ, ಸಂಜೆಗೆ ಕಂದು ಸಿಂಬಳದ ಹಾಗೆ ಎಲ್ಲಾ ಕಡೆ, ತುದಿಯಲ್ಲಿ ಗಾಳಿಗುಳ್ಳೆ. ಬಸವನಹುಳುಗಳು ಸಾಯಲು ಶುರುವಾದರೆ ಬಹುಶಃ ಅದೇ. ಹಸಿರು ಪಾಚಿಗೆ ಊಟ ಇಲ್ಲದೆ ಅದು ಸೋತಾಗ ಖಾಲಿಯಾದ ಜಾಗಕ್ಕೆ ಇದು ನುಗ್ಗುತ್ತದೆ. ಪಾಚಿ ಸಾವಿರ ಪಾಲು ಮೇಲು.

ಮತ್ತೆ ಸಕ್ಕರೆ. ನನಗೆ ಈ ವಿಷಯದಲ್ಲಿ ತುಂಬಾ ಯೋಚನೆ ಹಚ್ಚಿದ್ದು ಪನಾಮಾದ ಒಂದು ಪ್ರಯೋಗ. ಸೂಕ್ಷ್ಮಜೀವಿ ವಿಜ್ಞಾನಿ ಫಾರೆಸ್ಟ್ ರೋವರ್ ಅವರ ತಂಡದವರು ಹವಳಗಳಿಗೆ ಬೇರೆ ಬೇರೆ ಡೋಸ್ ಹಾಕಿ ನೋಡಿದರು, 2006ರಲ್ಲಿ ಪ್ರಕಟಿಸಿದರು. ಒಂದಕ್ಕೆ ನೈಟ್ರೇಟ್, ಒಂದಕ್ಕೆ ಫಾಸ್ಫೇಟ್, ಇನ್ನು ಕೆಲವಕ್ಕೆ ಗ್ಲೂಕೋಸಿನಂಥ ಸಕ್ಕರೆಗಳು. ಜಾಸ್ತಿ ಸತ್ತದ್ದು ಸಕ್ಕರೆ ಹಾಕಿದವು. ಹವಳದ ಮೈಮೇಲಿನ ಲೋಳೆಯಲ್ಲಿದ್ದ ಸೂಕ್ಷ್ಮಜೀವಿಗಳು ಹತ್ತು ಪಟ್ಟು ವೇಗವಾಗಿ ಬೆಳೆದಿದ್ದವು. ನಾವು ಹೆದರುವುದು ನೈಟ್ರೇಟಿಗೆ. ಹೆದರದೆ ಸುರಿಯುವುದು ಕಾರ್ಬನ್. ಅವರು ಹಾಕಿದ ಪ್ರಮಾಣ ನಮ್ಮ 0.2 ಎಂಎಲ್‌ಗಿಂತ ಎಷ್ಟೋ ಜಾಸ್ತಿ, ಅಲ್ಲಿ ಸ್ಕಿಮ್ಮರೂ ಇಲ್ಲ, ನಿಜ. ಆದರೂ ಸಿರಿಂಜ್ ಹಿಡಿದಾಗಲೆಲ್ಲಾ ನನಗೆ ಇದು ನೆನಪಾಗುತ್ತದೆ. ಸಕ್ಕರೆಯನ್ನಂತೂ ನಾನು ಹಾಕುವುದಿಲ್ಲ.

ವಿನೆಗರ್ ಹಾಕಬಹುದು, ಸುರಕ್ಷಿತವೇ. ಬಣ್ಣ, ಪರಿಮಳ ಇಲ್ಲದ ಬಿಳಿ ವಿನೆಗರ್. ನಮ್ಮ ಅಂಗಡಿಯಲ್ಲಿ ಸಿಗುವುದರ ಮೇಲೆ ಸಾಮಾನ್ಯವಾಗಿ 4% ಅಂತ ಇರುತ್ತದೆ, ಹೊರಗಿನ ದೇಶದ ಲೆಕ್ಕ 5%ಗೆ. ಅವರ ಡೋಸ್ ಪಟ್ಟಿ ನೋಡಿ ಹಾಕುವವರು ಇದನ್ನು ನೆನಪಿಡಿ. ಕಾರ್ಬನ್ ಲೆಕ್ಕದಲ್ಲಿ ನಮ್ಮ ವೋಡ್ಕಾ ಒಂದು ಎಂಎಲ್ ಅಂದರೆ ನಮ್ಮ ವಿನೆಗರ್ 11 ಎಂಎಲ್. ಅಳೆಯುವಾಗ ಕೈ ತಪ್ಪಿದರೂ ಪೆಟ್ಟು ಸಣ್ಣದು, ಅದು ಒಳ್ಳೆಯದು. ಹುಳಿ ಆದ್ದರಿಂದ ಒಮ್ಮೆಲೇ ಸುರಿದರೆ ಪಿಎಚ್ ಇಳಿಯುತ್ತದೆ, ಹನಿಹನಿಯಾಗಿ ಬಿಡಬೇಕು. ಸುಣ್ಣದ ತಿಳಿನೀರು ಬಳಸುವವರು ಅದಕ್ಕೇ ಬೆರೆಸುವುದುಂಟು. ಅದು ಹಳೆಯ ಪದ್ಧತಿ, ಚೆನ್ನಾಗಿಯೇ ಇದೆ. ಬಯೋಪೆಲೆಟ್ ಬಗ್ಗೆ ಕೇಳಿದರೆ, ಬ್ಯಾಕ್ಟೀರಿಯಾ ತಿನ್ನಬಲ್ಲ ಪ್ಲಾಸ್ಟಿಕ್ ಕಾಳು ಅದು, ರಿಯಾಕ್ಟರಿನಲ್ಲಿ, ಅಂದರೆ ನೀರು ಹರಿಯುವ ಕೊಳವೆಯಲ್ಲಿ, ಸದಾ ಉರುಳುತ್ತಿರಬೇಕು. ಡೋಸ್ ನಿಮ್ಮ ಕೈಯಲ್ಲಿ ಇರುವುದಿಲ್ಲ. ಅದಕ್ಕೇ ನನಗೆ ಅಷ್ಟು ಇಷ್ಟವಿಲ್ಲ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಬರೆಯುತ್ತೇನೆ.

ಮಂಡ್ಯ ಕಡೆಯ ಒಬ್ಬರು: "ಸಾರ್, ವೋಡ್ಕಾ ಯಾಕೆ? ನಮ್ಮ ಆಲೆಮನೆ ಬೆಲ್ಲ ಹಾಕಬಾರದಾ?"

ಎಲ್ಲರೂ ನಕ್ಕರು. ಪ್ರಶ್ನೆ ಮಾತ್ರ ಸರಿಯಾದದ್ದು. ಬಯೋಫ್ಲಾಕ್ ತೊಟ್ಟಿಗೆ ಬೆಲ್ಲ ನಡೆಯುತ್ತದೆ. ಬೆಲ್ಲದಲ್ಲಿ ಸಕ್ಕರೆ ಜೊತೆ ಖನಿಜ ಇದೆ, ಫಾಸ್ಫೇಟ್ ಇದೆ, ಬಣ್ಣ ಇದೆ. ಅಚ್ಚಿನಿಂದ ಅಚ್ಚಿಗೆ ಬೇರೆ. ಏನನ್ನು ಕಡಿಮೆ ಮಾಡಬೇಕೋ ಅದನ್ನೇ ಸ್ವಲ್ಪ ಸೇರಿಸಿದ ಹಾಗಾಗುತ್ತದೆ. ಬೆಲ್ಲವನ್ನು ಕಡಲೆಕಾಯಿ ಜೊತೆ ನಾವೇ ತಿನ್ನೋಣ ಅಂದೆ.

ಇನ್ನೊಬ್ಬರು: "ಊರಿಗೆ ಹೋಗಬೇಕಾದರೆ ಏನು ಮಾಡ್ತೀರಿ? ನಿಲ್ಲಿಸಿದರೆ ಏನೂ ಆಗಲ್ವಾ?"

ಪೂರ್ತಿ ಬಿಡುವುದಾದರೆ ಹಂತಹಂತವಾಗಿ ಬಿಡಬೇಕು, ವಾರಕ್ಕೆ ಕಾಲು ಭಾಗ ಇಳಿಸುತ್ತಾ. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಹಸಿದ ಬ್ಯಾಕ್ಟೀರಿಯಾ ಸಾಯುತ್ತವೆ, ಕಟ್ಟಿಕೊಂಡಿದ್ದನ್ನು ನೀರಿಗೇ ಬಿಡುತ್ತವೆ, ನೈಟ್ರೇಟ್ ಮೇಲೇಳುತ್ತದೆ. ನಾಲ್ಕೈದು ದಿನದ ಊರಿಗಾದರೆ ತಲೆ ಕೆಡಿಸಿಕೊಳ್ಳಬೇಡಿ. ಬೇರೆಯವರ ಕೈಗೆ ಸಿರಿಂಜ್ ಕೊಡುವುದಕ್ಕಿಂತ ಡೋಸ್ ತಪ್ಪುವುದೇ ವಾಸಿ. ಹೋದ ದಸರಾಕ್ಕೆ ನಾನು ಐದು ದಿನ ಇರಲಿಲ್ಲ. ಎರಡನೇ ದಿನ ಅಮ್ಮನ ಫೋನು ಬಂತು.

"ಅದರ ಎಣ್ಣೆ ನಾನೇ ಹಾಕ್ಲೇನೋ? ಗೆರೆ ನೋಡಿಟ್ಕೊಂಡಿದೀನಿ."

"ಬೇಡಮ್ಮ. ತಿಂಡಿ ಅರ್ಧ ಹಾಕು, ಸಾಕು."

ವಾಪಸ್ ಬಂದು ಟೆಸ್ಟ್ ಮಾಡಿದಾಗ ನೈಟ್ರೇಟ್ 10 ಇತ್ತು. ಬಾಟಲಿ ಕಪಾಟಿನಲ್ಲಿ ಇರಲಿಲ್ಲ. ಹಬ್ಬಕ್ಕೆ ನೆಂಟರು ಬರುತ್ತಾರೆ ಅಂತ ಅಮ್ಮ ಅದನ್ನು ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಟ್ಟಿದ್ದರು.